ಮಗ್ಗದಿಂದ ಮೂವತ್ತು ಕೋಟಿಗೆ

1929ರಲ್ಲಿ ಇಡೀ ಜಪಾನ್ ದೇಶ ಸ್ವಂತವಾಗಿ ತಯಾರಿಸಿದ ಮೋಟಾರು ವಾಹನಗಳ ಸಂಖ್ಯೆ 437. ಒಂದು ದಿನದ್ದಲ್ಲ, ಒಂದು ತಿಂಗಳದ್ದೂ ಅಲ್ಲ, ಒಂದಿಡೀ ವರ್ಷದ ಲೆಕ್ಕ. ಕಾರು, ಬಸ್ಸು, ಲಾರಿ ಎಲ್ಲವೂ ಸೇರಿ! ಆಗ ಆ ದೇಶದ ಜನಸಂಖ್ಯೆ 6 ಕೋಟಿ ದಾಟಿತ್ತು. ಅಂದರೆ ಹತ್ತಿರ ಹತ್ತಿರ ಒಂದೂವರೆ ಲಕ್ಷ ಜನರಿಗೆ ಒಂದು ವಾಹನ. ಅದೇ ವರ್ಷ ಅಮೆರಿಕದ ಕಾರ್ಖಾನೆಗಳಿಂದ ಹೊರಬಿದ್ದದ್ದು 53 ಲಕ್ಷ. ಭಾಗಿಸಿ ನೋಡಿದರೆ ಹಗಲೂ ರಾತ್ರಿ ನಿಮಿಷಕ್ಕೆ 10. ಜಪಾನಿನ ವರ್ಷದ ದುಡಿಮೆ ಅಮೆರಿಕಕ್ಕೆ ಬರೀ 43 ನಿಮಿಷದ ಕೆಲಸ.

ಈ 43 ನಿಮಿಷದ ದೇಶದಲ್ಲಿ, ಕಾರಿನ ಗಂಧಗಾಳಿಯೂ ಇಲ್ಲದ ಮಗ್ಗದ ಕಂಪನಿಯೊಂದು ಎಂಜಿನ್ನಿಗೆ ಕೈಹಾಕಿತು. 2023ರ ಸೆಪ್ಟೆಂಬರಿನಲ್ಲಿ ಅದರ ವಾಹನಗಳ ಒಟ್ಟು ಎಣಿಕೆ 30 ಕೋಟಿ ಮುಟ್ಟಿತು. ಹೆಸರು ಟೊಯೊಟಾ. 30 ಕೋಟಿ ಎಂದರೆ, 2011ರ ಜನಗಣತಿಯಲ್ಲಿ ಎಣಿಸಿದ ಕರ್ನಾಟಕದ ಪ್ರತಿಯೊಬ್ಬರಿಗೂ, ತೊಟ್ಟಿಲ ಕೂಸುಗಳನ್ನೂ ಬಿಡದೆ, ತಲೆಗೆ ಹತ್ತಿರ ಹತ್ತಿರ ಐದೈದರಂತೆ ಹಂಚುವಷ್ಟು ವಾಹನಗಳು. ಆದರೆ ನನಗೆ ಆ 30 ಕೋಟಿಗಿಂತಲೂ ಮೈ ಜುಮ್ಮೆನಿಸುವುದು ಮೊದಮೊದಲ ಪುಟಾಣಿ ಅಂಕಿಗಳು. ಅವನ್ನು ನೋಡದೆ ಈ ಕಂಪನಿಯ ಗಾತ್ರ ಅಂದಾಜಿಗೇ ಸಿಗುವುದಿಲ್ಲ.

ಮೊದಲ ಅಂಕಿ 1. ಒಬ್ಬ ಬಡಗಿಯ ಮಗ. 1867ರಲ್ಲಿ ಈಗಿನ ಶಿಜುವೊಕಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಸಾಕಿಚಿ ಟೊಯೊಡಾ 24ನೇ ವಯಸ್ಸಿಗೆ ಮರದ ಕೈಮಗ್ಗವೊಂದಕ್ಕೆ ಪೇಟೆಂಟ್ ಪಡೆದ. 1896ರಲ್ಲಿ ಉಗಿಯಿಂದ ಓಡುವ ಮಗ್ಗ ಕಟ್ಟಿದ. 1924ರ ಹೊತ್ತಿಗೆ ಅವನೂ ಮಗ ಕಿಚಿರೊನೂ ಸೇರಿ ತಂದ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗವಂತೂ ಓಟ ನಿಲ್ಲಿಸದೆಯೇ ಖಾಲಿ ಲಾಳಿಯನ್ನು ಉಗುಳಿ ತುಂಬಿದ ಲಾಳಿಯನ್ನು ನುಂಗುತ್ತಿತ್ತು, ಎಳೆ ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. ಒಬ್ಬ ಕೆಲಸಗಾರನಿಂದ ಬರುವ ಉತ್ಪಾದನೆ ಒಮ್ಮೆಗೇ 20 ಪಟ್ಟಾಯಿತು ಎಂಬುದು ಕಂಪನಿಯ ಲೆಕ್ಕ. ಇಪ್ಪತ್ತು ಜನರ ನೇಯ್ಗೆ ಒಬ್ಬನ ಕೈಯಲ್ಲಿ!

ಜವಳಿ ಯಂತ್ರಗಳ ತವರಾದ ಇಂಗ್ಲೆಂಡ್ ಬೆರಗಾಯಿತು. ಓಲ್ಡಂ ಊರಿನ ಪ್ಲ್ಯಾಟ್ ಬ್ರದರ್ಸ್ ಆಗ ಜಗತ್ತಿನ ದೈತ್ಯ ಜವಳಿಯಂತ್ರ ಕಂಪನಿ. ಅದು 1929ರ ಡಿಸೆಂಬರಿನಲ್ಲಿ ಈ ಮಗ್ಗದ ಹಕ್ಕಿಗೆ ಒಪ್ಪಿದ ಬೆಲೆ 1 ಲಕ್ಷ ಪೌಂಡ್. ಆಗಿನ ದರದಲ್ಲಿ ಸುಮಾರು 10 ಲಕ್ಷ ಯೆನ್. ಈ ಹಣವೇ ಕಾರಿನ ಬೀಜಧನವಾಯಿತು ಎಂಬ ಕತೆ ಬಹಳ ಜನಪ್ರಿಯ. ಕತೆ ಇರಲಿ, ಮೊತ್ತವನ್ನು ಅಳೆಯೋಣ. ಏಳು ವರ್ಷಗಳ ನಂತರ ಟೊಯೊಟಾದ ಮೊದಲ ಕಾರಿಗೆ ನಿಗದಿಯಾದ ಬೆಲೆ 3,350 ಯೆನ್. ಒಂದು ಲಾಳಿಯ ಜಾಣತನ ಮಾರಿದ ದುಡ್ಡಿನಲ್ಲಿ ಹೆಚ್ಚುಕಡಿಮೆ 298 ಕಾರು ಕೊಳ್ಳಬಹುದಿತ್ತು.

ಇಷ್ಟರಲ್ಲಿ ಜಪಾನಿನ ರಸ್ತೆಗಳು ಅಮೆರಿಕದ ಪಾಲಾಗಿದ್ದವು. 1923ರ ಸೆಪ್ಟೆಂಬರ್ 1ರಂದು ಕಾಂಟೊ ಭೂಕಂಪ ಟೋಕಿಯೊ, ಯೊಕೊಹಾಮಾ ನಗರಗಳನ್ನು ನೆಲಸಮ ಮಾಡಿತು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಟ್ರಾಮ್ ಹಳಿಗಳು ಹಾಳಾದಾಗ ಟೋಕಿಯೊ ನಗರಾಡಳಿತ ಬಸ್ಸು ಕಟ್ಟಲೆಂದು ಅಮೆರಿಕದಿಂದ ತರಿಸಿದ್ದು ಸುಮಾರು 800 ಫೋರ್ಡ್ ಚಾಸಿಗಳು. ನೋಡಿ, ಬರೀ ಒಂದು ಊರಿನ ತುರ್ತಿಗೆ ಬಂದ ವಾಹನಗಳು, ಆರು ವರ್ಷಗಳ ನಂತರವೂ ಇಡೀ ದೇಶ ತಯಾರಿಸುತ್ತಿದ್ದುದರ ಹತ್ತಿರ ಹತ್ತಿರ ಎರಡು ಪಟ್ಟು. ಈ ರುಚಿ ಕಂಡ ಫೋರ್ಡ್ 1925ರಲ್ಲಿ ಯೊಕೊಹಾಮಾಕ್ಕೆ, ಜನರಲ್ ಮೋಟಾರ್ಸ್ 1927ರಲ್ಲಿ ಒಸಾಕಾಕ್ಕೆ ಬಂದು ಕೂತವು. ಭಾಗಗಳನ್ನು ಹಡಗಿನಲ್ಲಿ ತಂದು ಅಲ್ಲೇ ಜೋಡಿಸಿ 1929ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು 29,000ಕ್ಕೂ ಹೆಚ್ಚು. ಜಪಾನಿನದೇ ಆದ ಪ್ರತಿ ಒಂದು ವಾಹನಕ್ಕೆ ಎದುರಾಗಿ 67!

ಭೂಕಂಪವಾಗಿ ದಿನ ಎಣಿಸಿಟ್ಟಂತೆ ಸರಿಯಾಗಿ ಹತ್ತು ವರ್ಷಕ್ಕೆ, 1933ರ ಸೆಪ್ಟೆಂಬರ್ 1ಕ್ಕೆ, ಟೊಯೊಡಾ ಸ್ವಯಂಚಾಲಿತ ಮಗ್ಗದ ಕಾರ್ಖಾನೆಯಲ್ಲಿ ಕಿಚಿರೊ ಮೋಟಾರು ವಿಭಾಗ ತೆರೆದರು. ಅಪ್ಪ ಸಾಕಿಚಿ ತೀರಿಕೊಂಡು ಆಗಲೇ ಮೂರು ವರ್ಷ. ಎದುರಾಳಿ ಯಾರು? ಒಂದೇ ಒಂದು ‘ಟಿ’ ಮಾದರಿಯ ಕಾರನ್ನು 1927ರ ವೇಳೆಗೆ ಒಂದೂವರೆ ಕೋಟಿ ತಯಾರಿಸಿ ಮುಗಿಸಿದ್ದ ಫೋರ್ಡ್. ಒಂದೂವರೆ ಕೋಟಿಯ ಎದುರು ಸೊನ್ನೆ! ಇದಕ್ಕೆ ಧೈರ್ಯ ಎನ್ನುವುದೂ ಕಡಿಮೆಯಾದೀತು.

ಷೆವ್ರೊಲೆ ಕಾರೊಂದನ್ನು ತರಿಸಿ, ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು, ಎರಕ ಹೊಯ್ದು, ಒಡೆದು, ಮತ್ತೆ ಹೊಯ್ದು 1934ರಲ್ಲಿ ಮೊದಲ ಎಂಜಿನ್ ಸಿದ್ಧವಾಯಿತು. ಆರು ಸಿಲಿಂಡರ್, 3,389 ಸಿಸಿ. 1935ರ ನವೆಂಬರಿನಲ್ಲಿ ಟೋಕಿಯೊದಲ್ಲಿ ‘ಜಿ1’ ಲಾರಿಯ ಪ್ರದರ್ಶನವೂ ಆಯಿತು. ಆ ವರ್ಷ ಮುಗಿದಾಗ ತಯಾರಾದ ಒಟ್ಟು ಲಾರಿಗಳು 20. ಎಣಿಸಲು ಕೈಬೆರಳು, ಕಾಲ್ಬೆರಳು ಸಾಕು. ವರ್ಷಕ್ಕೆ 20ರಂತೆಯೇ ಮುಂದುವರಿದು 30 ಕೋಟಿ ಮುಟ್ಟಬೇಕಿದ್ದರೆ ಎಷ್ಟು ಕಾಲ ಹಿಡಿಯುತ್ತಿತ್ತು ಗೊತ್ತೆ? ಒಂದೂವರೆ ಕೋಟಿ ವರ್ಷ. ಅಷ್ಟು ಹಿಂದಕ್ಕೆ ಹೋದರೆ ಈ ಭೂಮಿಯ ಮೇಲೆ ಮನುಷ್ಯನೇ ಸಿಗುವುದಿಲ್ಲ. ಟೊಯೊಟಾ ಅದನ್ನು 88 ವರ್ಷ 2 ತಿಂಗಳಲ್ಲಿ ಮುಗಿಸಿತು.

ಮರುವರ್ಷ, 1936ರಲ್ಲಿ, ಮೊದಲ ಕಾರು ‘ಎಎ’ ಬಂತು. ಅದೇ ವರ್ಷ ಲಾಂಛನಕ್ಕಾಗಿ ಸಾರ್ವಜನಿಕರಿಂದ ವಿನ್ಯಾಸ ಕೇಳಿದರೆ ಬಂದವು 27,000! ಆ ವರ್ಷ ಕಂಪನಿ ತಯಾರಿಸಿದ ವಾಹನಗಳು 1,142. ಪ್ರತಿ ಗಾಡಿಗೆ 23 ಬೇರೆ ಬೇರೆ ಲಾಂಛನ ಅಂಟಿಸಿದರೂ ಇನ್ನೂ 700ಕ್ಕೂ ಹೆಚ್ಚು ಮಿಗುತ್ತಿದ್ದವು. ಗಾಡಿ ಕಾಣದ ದೇಶ ಗಾಡಿಯ ಗುರುತಿಗಾಗಿ ಮುಗಿಬಿದ್ದ ಈ ಉತ್ಸಾಹ ನನಗೆ ಬಹಳ ಇಷ್ಟ. ಟೊಯೊಡಾ ಎಂಬ ಮನೆತನದ ಹೆಸರು ಟೊಯೊಟಾ ಆದದ್ದೂ ಈ ಸ್ಪರ್ಧೆಯ ಬೆನ್ನಿಗೇ.

‘ಎಎ’ ಕಾರಿನ ಕತೆ ಇನ್ನೂ ಸೋಜಿಗದ್ದು. 1943ರವರೆಗೆ ಏಳು ವರ್ಷ ತಯಾರಾದರೂ ಒಟ್ಟು ಸಂಖ್ಯೆ 1,404 ಮಾತ್ರ. ಇವತ್ತಿನ ಟೊಯೊಟಾಗೆ ಅದು ಒಂದೂಕಾಲು ಗಂಟೆಯ ಕೆಲಸ. ಆ 1,404ರಲ್ಲಿ ಉಳಿದದ್ದು ಎಷ್ಟು? ಕಂಪನಿಯ ಬಳಿ ಒಂದೂ ಇರಲಿಲ್ಲ. 1987ರಲ್ಲಿ 50ನೇ ವರ್ಷದ ಸಂಭ್ರಮಕ್ಕೆ ಹಳೆಯ ನಕ್ಷೆಗಳನ್ನು ಹುಡುಕಿ ಪ್ರತಿಕೃತಿ ಕಟ್ಟಿಕೊಳ್ಳಬೇಕಾಯಿತು. ಕೊನೆಗೆ 2008ರಲ್ಲಿ ರಷ್ಯಾದ ದೂರದ ಪೂರ್ವ ಭಾಗದಲ್ಲಿ ಜಜ್ಜಿಹೋದ ಒಂದು ಕಾರು ಪತ್ತೆಯಾಯಿತು. ಅದೀಗ ನೆದರ್ಲೆಂಡ್ಸಿನ ಹೇಗ್ ನಗರದ ಲೌಮನ್ ಸಂಗ್ರಹಾಲಯದಲ್ಲಿದೆ. 30 ಕೋಟಿ ವಾಹನ ಮಾಡಿದ ಕಂಪನಿಯ ಚೊಚ್ಚಲ ಕಾರನ್ನು ನೋಡಬೇಕಾದರೆ ಜಪಾನಿನಿಂದ 9,000 ಕಿಲೋಮೀಟರ್ ಆಚೆಗೆ ಹೋಗಬೇಕು!

1937ರ ಆಗಸ್ಟ್ 28. ಮಗ್ಗದ ಮನೆಯಿಂದ ಬೇರೆಯಾಗಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು. ಬಂಡವಾಳ 1 ಕೋಟಿ 20 ಲಕ್ಷ ಯೆನ್, ಅಂದರೆ ಏಳು ವರ್ಷಗಳಲ್ಲಿ ತಯಾರಾದ ಅಷ್ಟೂ ‘ಎಎ’ ಕಾರುಗಳ ಬೆಲೆಯ ಎರಡೂವರೆ ಪಟ್ಟು. 1938ರ ನವೆಂಬರಿನಲ್ಲಿ, ರೇಷ್ಮೆ ಸಾಕುತ್ತಿದ್ದ ಕೊರೊಮೊ ಎಂಬ ಊರಿನ ಪಕ್ಕದ ಬಯಲಿನಲ್ಲಿ ದೊಡ್ಡ ಕಾರ್ಖಾನೆ ಶುರುವಾಯಿತು. ಜಾಗ ಸುಮಾರು 19 ಲಕ್ಷ ಚದರ ಮೀಟರ್, ನಮ್ಮ ಅಳತೆಯಲ್ಲಿ 470 ಎಕರೆಗೂ ಹೆಚ್ಚು. ಅರವತ್ತು ವರ್ಷಗಳ ನಂತರ ಇದೇ ಟೊಯೊಟಾ ಕಿರ್ಲೋಸ್ಕರ್ ಜೊತೆಗೂಡಿ ಬಿಡದಿಯಲ್ಲಿ ತೆಗೆದುಕೊಂಡ ಜಾಗ 432 ಎಕರೆ. ವರ್ಷಕ್ಕೆ ಐದು ಸಾವಿರ ವಾಹನವೂ ಇಳಿಯದಿದ್ದ ಕಾಲದಲ್ಲಿ ಕಿಚಿರೊ ಬಿಡದಿಗಿಂತ ದೊಡ್ಡ ಬಯಲನ್ನು ಬೇಲಿ ಹಾಕಿಸಿದ್ದರು! (ಕರ್ನಾಟಕಕ್ಕೂ ಈ ಮನೆತನ ಬಂದದ್ದು ತನ್ನದೇ ಇತಿಹಾಸದ ಕ್ರಮದಲ್ಲಿ. ಜಿಗಣಿಯಲ್ಲಿ ಜವಳಿ ಯಂತ್ರದ ಕಂಪನಿ ಶುರುವಾದದ್ದು 1995ರಲ್ಲಿ, ಕಾರಿನ ಕಂಪನಿ 1997ರಲ್ಲಿ.) ಕೊರೊಮೊ ಊರಿಗಂತೂ ಹೆಸರೇ ಉಳಿಯಲಿಲ್ಲ. 1959ರಿಂದ ಅದು ಟೊಯೊಟಾ ನಗರ. ಈಗ ಅಲ್ಲಿನ ಜನಸಂಖ್ಯೆ 4 ಲಕ್ಷದ ಮೇಲೆ. ಕಂಪನಿಯ ಆ 30 ಕೋಟಿ ವಾಹನಗಳನ್ನೆಲ್ಲ ಊರಿಗೆ ವಾಪಸು ಕರೆಸಿದರೆ ಪ್ರತಿಯೊಬ್ಬ ನಿವಾಸಿಯ ಬಾಗಿಲಿಗೂ 700 ಗಾಡಿಗಳು.

ಯುದ್ಧ ಬಂತು. 1942ರಲ್ಲಿ 16,302ಕ್ಕೆ ಏರಿದ್ದ ಉತ್ಪಾದನೆ 1945ರಲ್ಲಿ 3,275ಕ್ಕೆ ಕುಸಿಯಿತು. ಚಕ್ರವರ್ತಿಯ ಶರಣಾಗತಿಯ ಭಾಷಣ ಬಾನುಲಿಯಲ್ಲಿ ಬರಲು ಒಂದೇ ದಿನ ಬಾಕಿಯಿದ್ದಾಗ, ಆಗಸ್ಟ್ 14ರಂದು, ಬಿ-29 ವಿಮಾನಗಳು ಕೊರೊಮೊ ಮೇಲೆ ಬಂದವು. ಅವು ಬೀಳಿಸಿದ ಒಂದೊಂದು ಬಾಂಬಿನ ತೂಕ 4,500 ಕಿಲೋಗ್ರಾಂ. ಮೂರು ‘ಎಎ’ ಕಾರುಗಳನ್ನು ಒಟ್ಟಿಗೆ ಕಟ್ಟಿ ಆಕಾಶದಿಂದ ಬಿಟ್ಟಷ್ಟು ಭಾರ. ಕಾರ್ಖಾನೆಯ ಕಾಲುಭಾಗ ನಾಶವಾಯಿತು. 24 ಗಂಟೆ ಕಳೆದಿದ್ದರೆ ಅದು ಉಳಿಯುತ್ತಿತ್ತು.

ಈ ಏಳುಬೀಳುಗಳ ನಡುವೆ 1947ರಲ್ಲಿ ಒಟ್ಟು ಉತ್ಪಾದನೆ ಒಂದು ಲಕ್ಷ ಮುಟ್ಟಿತು. ಹನ್ನೆರಡು ವರ್ಷ ಬೇಕಾಯಿತು ಅದಕ್ಕೆ. ಒಂದು ಮಹಾಯುದ್ಧ, ಒಂದು ಸೋಲು, ಒಂದು ಬಾಂಬು ದಾಳಿ, ಇಷ್ಟೆಲ್ಲ ದಾಟಿ ಒಂದು ಲಕ್ಷ. 2023ರಲ್ಲಿ ಅದೇ ಕಂಪನಿಗೆ ಒಂದು ಲಕ್ಷ ವಾಹನಕ್ಕೆ ಬೇಕಾದ ಸಮಯ ಮೂರೂವರೆ ದಿನಕ್ಕಿಂತ ಚೂರು ಹೆಚ್ಚು. ಸೋಮವಾರ ಬೆಳಿಗ್ಗೆ ಆರಂಭಿಸಿದರೆ ಗುರುವಾರ ರಾತ್ರಿಯೊಳಗೆ ಆ ಹನ್ನೆರಡು ವರ್ಷ ಮುಗಿದಿರುತ್ತದೆ.

1950 ಬಂದಾಗ ಕಂಪನಿ ಮುಳುಗುವುದರಲ್ಲಿತ್ತು. ಹಣದುಬ್ಬರ ಹತ್ತಿಕ್ಕಲು ಸರ್ಕಾರ ಬಿಗಿದ ಹಗ್ಗಕ್ಕೆ ಸಿಕ್ಕಿ ಸಂಬಳಕ್ಕೂ ದುಡ್ಡಿಲ್ಲ. ಮುಷ್ಕರ ತಿಂಗಳುಗಟ್ಟಲೆ ನಡೆದು ಕೊನೆಗೆ 2,146 ಜನ ಕೆಲಸ ಬಿಟ್ಟರು. ಸುಮಾರು ನಾಲ್ವರಲ್ಲಿ ಒಬ್ಬರು. ಜೂನ್ 5ರಂದು ಕಿಚಿರೊ ಅಧ್ಯಕ್ಷ ಪದವಿ ತ್ಯಜಿಸಿದರು. ಸರಿಯಾಗಿ 20 ದಿನ. ಜೂನ್ 25ಕ್ಕೆ ಕೊರಿಯಾ ಯುದ್ಧ ಸ್ಫೋಟಿಸಿತು. ಅಮೆರಿಕದ ಸೈನ್ಯದಿಂದ ಲಾರಿಗಳಿಗೆ ಬೇಡಿಕೆ: ಮೊದಲು 1,000, ಆಮೇಲೆ 2,329, ಮತ್ತೆ 1,350. ಒಟ್ಟು 4,679. ಆಗಿನ ವೇಗದಲ್ಲಿ ಅದು ಕಂಪನಿಯ ಹೆಚ್ಚುಕಡಿಮೆ ಐದು ತಿಂಗಳ ಪೂರ್ತಿ ಉತ್ಪಾದನೆ. ಎರಡು ಸಾವಿರಕ್ಕೂ ಹೆಚ್ಚು ಜನ ಮನೆಗೆ ಹೋದ ಮೇಲೆ, ಇಪ್ಪತ್ತು ದಿನ ತಡವಾಗಿ ಬಂದ ಅದೃಷ್ಟ! ಇದನ್ನು ಬರೀ ಲೆಕ್ಕವೆಂದು ಓದಲು ನನ್ನಿಂದಾಗುವುದಿಲ್ಲ.

ಅದೇ ಬೇಸಿಗೆಯಲ್ಲಿ ಕಿಚಿರೊ ಅವರ ದಾಯಾದಿ ತಮ್ಮ ಐಜಿ ಟೊಯೊಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಗಳನ್ನು ನೋಡಿದರು. ಫೋರ್ಡ್ ದಿನಕ್ಕೆ 8,000 ವಾಹನ ಮಾಡುತ್ತಿತ್ತು. ಟೊಯೊಟಾ ದಿನಕ್ಕೆ 40. ಟೊಯೊಟಾದ ದಿನ ಫೋರ್ಡಿಗೆ ಏಳು ನಿಮಿಷ. ಟೊಯೊಟಾದ ವರ್ಷ ಫೋರ್ಡಿಗೆ ಒಂದೂವರೆ ದಿನ. ಇದನ್ನು ಕಣ್ಣಾರೆ ಕಂಡೂ ಆತ ಎದೆಗುಂದದೆ, ಇಲ್ಲಿ ಸುಧಾರಿಸಬಹುದಾದದ್ದು ಬಹಳ ಇದೆ ಎಂಬ ನಂಬಿಕೆಯಿಂದ ಊರಿಗೆ ಮರಳಿದರು. 200ರಲ್ಲಿ ಒಂದು ಪಾಲಿನವರು 200 ಪಾಲಿನವರ ಮನೆಯಲ್ಲಿ ಕೊರತೆ ಕಂಡರು!

ಕಿಚಿರೊ ಮಾತ್ರ ಮುಂದಿನದೇನನ್ನೂ ನೋಡಲಿಲ್ಲ. ಮತ್ತೆ ಅಧ್ಯಕ್ಷರಾಗಲು ಒಪ್ಪಿದ್ದರು. ಅಷ್ಟರಲ್ಲಿ 1952ರ ಮಾರ್ಚ್ 27ರಂದು 57ನೇ ವಯಸ್ಸಿಗೆ ಹೋಗಿಬಿಟ್ಟರು. ಅವರ ಜೀವಮಾನದಲ್ಲಿ ಟೊಯೊಟಾ ತಯಾರಿಸಿದ್ದು ಸುಮಾರು ಒಂದೂವರೆ ಲಕ್ಷ ವಾಹನ. 30 ಕೋಟಿಯಲ್ಲಿ ಅದು ಎರಡು ಸಾವಿರದಲ್ಲೊಂದು ಪಾಲು.

ಇಲ್ಲಿಂದ ಅಂಕಿಗಳಿಗೆ ರೆಕ್ಕೆ ಬರುತ್ತದೆ. 1955ಕ್ಕೆ ಕ್ರೌನ್ ಕಾರು. ಮರುವರ್ಷ ಪತ್ರಕರ್ತರು ಅದನ್ನು ಲಂಡನ್ನಿನಿಂದ ಟೋಕಿಯೊದವರೆಗೆ ಓಡಿಸಿಕೊಂಡು ಬಂದರು. ಎಂಟು ತಿಂಗಳು, 50,000 ಕಿಲೋಮೀಟರ್. ಭೂಮಿಯನ್ನು ಒಂದು ಸುತ್ತು ಹಾಕಿ, ಇನ್ನೊಂದು ಸುತ್ತಿನ ಕಾಲುಭಾಗ ಮುಗಿಸಿದಷ್ಟು ದೂರ. 1958ರಲ್ಲಿ ಅದೇ ಕ್ರೌನ್ ಅಮೆರಿಕದಲ್ಲಿ ಮಾರಾಟವಾದದ್ದು 287. ವಾರಕ್ಕೆ ಐದಾರು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಏದುಸಿರು ಬಿಡುತ್ತಿತ್ತು. 2023ರಲ್ಲಿ ಕಂಪನಿ ಅಮೆರಿಕದಲ್ಲಿ ಮಾರಿದ್ದು 22 ಲಕ್ಷ 48 ಸಾವಿರ. ಆ 287 ಈಗ 67 ನಿಮಿಷದ ವ್ಯಾಪಾರ.

ಮೊದಲ ಹತ್ತು ಲಕ್ಷ ತಲುಪಲು 1962ರವರೆಗೆ, ಅಂದರೆ 27 ವರ್ಷ ಬೇಕಾಯಿತು. ಒಂದು ಕೋಟಿಗೆ 1972. ಅಲ್ಲಿಂದ ಓಟವೇ ಬೇರೆ. ಜಗತ್ತಿನಾದ್ಯಂತದ ಲೆಕ್ಕ 2012ರಲ್ಲಿ 20 ಕೋಟಿ, 2023ರಲ್ಲಿ 30 ಕೋಟಿ. ಮೊದಲ ಒಂದು ಕೋಟಿಗೆ ಹಿಡಿದದ್ದು 37 ವರ್ಷ, ಕೊನೆಯ ಹತ್ತು ಕೋಟಿಗೆ ಬರೀ 11. ಈ 88 ವರ್ಷಗಳ ಸರಾಸರಿ ತೆಗೆದರೆ, ಯುದ್ಧ, ಮುಷ್ಕರ, ಭಾನುವಾರ, ನಡುರಾತ್ರಿ ಏನನ್ನೂ ಕಳೆಯದೆ, 9 ಸೆಕೆಂಡಿಗೊಂದು ವಾಹನ. 2023ರ ಒಂದೇ ವರ್ಷದ ಉತ್ಪಾದನೆ ಒಂದು ಕೋಟಿ ಮೀರಿದ್ದು, ಅದರ ಲೆಕ್ಕ ಮೂರು ಸೆಕೆಂಡಿಗೊಂದು.

ತೂಗಿ ನೋಡೋಣ. ಒಂದು ವಾಹನಕ್ಕೆ ಸರಾಸರಿ 1,200 ಕಿಲೋಗ್ರಾಂ ಎಂದು ಕಡಿಮೆಯೇ ಹಿಡಿದರೂ ಒಟ್ಟು 36 ಕೋಟಿ ಟನ್. ತಲಾ ನಾಲ್ಕು ಟನ್ ತೂಗುವ ಆನೆಗಳಾದರೆ 9 ಕೋಟಿ ಆನೆ! ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನಬೆಟ್ಟ ಎಲ್ಲ ಸೇರಿ ಕರ್ನಾಟಕದ ಕಾಡುಗಳಲ್ಲಿ 2023ರ ಅಂದಾಜಿನಂತೆ ಇರುವ ಆನೆಗಳು 6,395. ಅಂಥ 14,000 ಕರ್ನಾಟಕಗಳ ಕಾಡು ಬರಿದು ಮಾಡಿದರೆ ತಕ್ಕಡಿಯ ಇನ್ನೊಂದು ತಟ್ಟೆ ಸಮವಾದೀತು.

ಸಾಲಾಗಿ ನಿಲ್ಲಿಸೋಣ. ನಾಲ್ಕೂವರೆ ಮೀಟರಿನಂತೆ ಒಂದರ ಮೂತಿಗೆ ಇನ್ನೊಂದರ ಬಾಲ ತಾಗುವಂತೆ ಇಟ್ಟರೆ 13 ಲಕ್ಷ 50 ಸಾವಿರ ಕಿಲೋಮೀಟರ್. ಭೂಮಿಯ ನಡುವಿಗೆ 33 ಸುತ್ತು ಬಿಗಿಯಾಗಿ ಸುತ್ತಿ ಇನ್ನೂ ಮಿಗುತ್ತದೆ. ಮೇಲಕ್ಕೆ ಚಾಚಿದರೆ ಚಂದ್ರನನ್ನು ಮುಟ್ಟಿ, ಭೂಮಿಗೆ ಮರಳಿ, ಮತ್ತೆ ಚಂದ್ರನನ್ನು ಮುಟ್ಟಿ, ವಾಪಸು ಬರುವ ದಾರಿಯ ಅರ್ಧದವರೆಗೆ ಟ್ರಾಫಿಕ್ ಜಾಮ್!

ಭಾಗಗಳನ್ನು ಎಣಿಸುವುದಂತೂ ಆಗುವ ಮಾತಲ್ಲ. ಇವತ್ತಿನ ಒಂದು ಕಾರಿನಲ್ಲಿ ಕಟ್ಟಕಡೆಯ ತಿರುಪಿನವರೆಗೆ ಸುಮಾರು 30,000 ಬಿಡಿಭಾಗ ಎಂದು ಟೊಯೊಟಾ ಹೇಳುತ್ತದೆ. ಒಂದು ವರ್ಷದ ಒಂದು ಕೋಟಿ ವಾಹನಗಳಿಗೆ 30,000 ಕೋಟಿ ಭಾಗ. ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೆ 9,500 ವರ್ಷ. ಮೊಹೆಂಜೊದಾರೊ ನಗರ ಎದ್ದು ನಿಲ್ಲುವುದಕ್ಕೂ ನಾಲ್ಕೈದು ಸಾವಿರ ವರ್ಷ ಮೊದಲೇ ಯಾರಾದರೂ ಎಣಿಕೆ ಆರಂಭಿಸಿದ್ದರೆ ಈಗ ಮುಗಿಯುತ್ತಿತ್ತು. ಅದೂ ಒಂದೇ ವರ್ಷದ್ದು.

ಇನ್ನು ಈ ಗಾಡಿಗಳು ಓಡಿದ ದೂರ. ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಹತ್ತಿರ ಎಂದರೆ 40 ಲಕ್ಷ ಕೋಟಿ ಕಿಲೋಮೀಟರ್. ಬೆಳಕೇ ಅಲ್ಲಿಂದ ಹೊರಟು ಇಲ್ಲಿಗೆ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. 30 ಕೋಟಿ ವಾಹನಗಳು ಒಂದೊಂದೂ ತನ್ನ ಆಯುಸ್ಸಿನಲ್ಲಿ 1 ಲಕ್ಷ 34 ಸಾವಿರ ಕಿಲೋಮೀಟರ್ ಓಡಿದ್ದರೆ ಸಾಕು, ಎಲ್ಲವುಗಳ ಓಟ ಸೇರಿ ಆ ನಕ್ಷತ್ರಕ್ಕೆ ಸಮ. ಬೆಂಗಳೂರಿನ ಇನ್ನೋವಾ ಟ್ಯಾಕ್ಸಿ ಚಾಲಕರನ್ನು ಕೇಳಿ ನೋಡಿ, 1 ಲಕ್ಷ 34 ಸಾವಿರ ಅವರಿಗೆ ಏನೇನೂ ಅಲ್ಲ. ಎರಡೂವರೆ, ಮೂರು ಲಕ್ಷ ದಾಟಿದ ಗಾಡಿಗಳು ವಿಮಾನ ನಿಲ್ದಾಣದ ದಾರಿಯಲ್ಲಿ ಈಗಲೂ ಓಡುತ್ತಿವೆ. ಎಲ್ಲ ಟೊಯೊಟಾಗಳೂ ಹಾಗೆ ತಲಾ 2 ಲಕ್ಷ 70 ಸಾವಿರ ಓಡಿದ್ದರೆ, ನಕ್ಷತ್ರಕ್ಕೆ ಹೋಗಿ ವಾಪಸ್ ಬಂದ ಬಾಡಿಗೆ!